ದಾದಿಯ ಅಂಗೈ ಮೇಲಿನ ಅಂಕಿಗಳು

ಆಸ್ಪತ್ರೆಯೊಂದರ ವಾರ್ಡಿನ ದತ್ತಾಂಶವನ್ನು ವಿಶ್ಲೇಷಿಸುತ್ತಿದ್ದಾಗ ನಮ್ಮ ತಂಡಕ್ಕೆ ವಿಚಿತ್ರವಾದದ್ದೊಂದು ಕಂಡಿತು. ರಾತ್ರಿಯಿಡೀ ಯಾವ ರೋಗಿಯ ರಕ್ತದೊತ್ತಡವೂ ದಾಖಲಾಗಿರಲಿಲ್ಲ. ಬೆಳಗಿನ 6 ಗಂಟೆಯ ಆಸುಪಾಸಿನಲ್ಲಿ ಎಲ್ಲ ಹಾಸಿಗೆಗಳ ಅಂಕಿಗಳೂ ಅರ್ಧ ಗಂಟೆಯೊಳಗೆ ಸಾಲಾಗಿ ಬಂದು ಬಿದ್ದಿದ್ದವು. ಇಂಥ ದಾಖಲೆಗಳನ್ನು ತೆಗೆದುಹಾಕಿ ಮುಂದೆ ಹೋಗೋಣವೆಂದು ನಾವು ನಿರ್ಧರಿಸುವುದರಲ್ಲಿದ್ದೆವು. ತಂಡದಲ್ಲಿದ್ದ ಸಮಾಜಶಾಸ್ತ್ರಜ್ಞೆಯೊಬ್ಬರು ಮಾತ್ರ ಒಪ್ಪದೆ, ಎರಡು ರಾತ್ರಿ ಆ ವಾರ್ಡಿನಲ್ಲಿ ಕುಳಿತು ನೋಡೋಣ ಎಂದರು. ಅವರ ಜೊತೆ ನಾನೂ ಹೋದೆ.

ರಾತ್ರಿ ಪಾಳಿಯ ದಾದಿ ಗಂಟೆಗಂಟೆಗೆ ರೋಗಿಗಳನ್ನು ನೋಡುತ್ತಲೇ ಇದ್ದರು. ನಾಡಿ, ರಕ್ತದೊತ್ತಡ, ಜ್ವರದ ಅಂಕಿಗಳನ್ನು ಬಾಲ್‌ಪೆನ್ನಿನಿಂದ ಎಡಗೈಯ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಕೈ ತೊಳೆಯುವ ಮುನ್ನ ಅವನ್ನು ಜೇಬಿನಲ್ಲಿದ್ದ ಚೀಟಿಗೆ ಇಳಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್ ಇದ್ದದ್ದು ವಾರ್ಡಿನ ಇನ್ನೊಂದು ತುದಿಯಲ್ಲಿ. ಲಾಗಿನ್ ಆಗಿ, ರೋಗಿಯ ಹೆಸರು ಹುಡುಕಿ, ನಾಲ್ಕು ಪುಟ ದಾಟಿ ಒಂದು ಅಂಕಿ ತುಂಬುವಷ್ಟರಲ್ಲಿ ಯಾರಾದರೂ ಕರೆದರೆ, ಮರಳಿ ಬರುವ ಹೊತ್ತಿಗೆ ಅದು ಲಾಗೌಟ್ ಆಗಿರುತ್ತಿತ್ತು. ಆದ್ದರಿಂದ ಪಾಳಿ ಮುಗಿಯುವ ಮುನ್ನ ಎಲ್ಲವನ್ನೂ ಒಟ್ಟಿಗೆ ತುಂಬುತ್ತಿದ್ದರು. ರಾತ್ರಿ 2 ಗಂಟೆಗೆ ಕುಸಿದ ರಕ್ತದೊತ್ತಡ ನಮ್ಮ ದತ್ತಾಂಶದಲ್ಲಿ ಬೆಳಗಿನ ಜಾವದ್ದಾಗಿ ದಾಖಲಾಗುತ್ತಿತ್ತು. ಅದರಿಂದ ಕಲಿತ ಅಲ್ಗಾರಿದಮ್ (ದತ್ತಾಂಶ ನೋಡಿ ತೀರ್ಮಾನಕ್ಕೆ ಬರುವ ಕಂಪ್ಯೂಟರಿನ ಲೆಕ್ಕಕ್ರಮ), ರೋಗಿಗಳ ಸ್ಥಿತಿ ಹದಗೆಡುವುದು ಬೆಳಗಿನ ಜಾವದಲ್ಲೇ ಎಂದು ಕಲಿಯುತ್ತಿತ್ತು. ನಾನೊಬ್ಬನೇ ಆಗಿದ್ದರೆ ಈ ತಪ್ಪು ಎಂದಿಗೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಡಿಜಿಟಲ್ ಆರೋಗ್ಯ ಎಂದೊಡನೆ ನಾವು ಆ್ಯಪ್, ಸರ್ವರ್, ಕೃತಕ ಬುದ್ಧಿಮತ್ತೆ ಎಂದು ಮಾತನಾಡುತ್ತೇವೆ. ಆದರೆ ಆರೋಗ್ಯ ಸೇವೆ ರೋಗಿಯನ್ನು ತಲುಪುವುದು ಮನುಷ್ಯರ ದಿನನಿತ್ಯದ ಕೆಲಸದ ಮೂಲಕ. ಆ ಕೆಲಸವನ್ನು ಹತ್ತಿರದಿಂದ ಅರಿಯದೆ ಅದರ ನಡುವೆ ಯಂತ್ರ ತಂದಿಟ್ಟರೆ ಏನಾಗಬಹುದು ಎಂಬುದಕ್ಕೆ ಈ ಕ್ಷೇತ್ರದವರು ಇಂದಿಗೂ ನೆನೆಯುವ ಒಂದು ಅಧ್ಯಯನವಿದೆ.

ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯೊಂದು ವೈದ್ಯರ ಸೂಚನೆಗಳನ್ನು ಕಾಗದದ ಬದಲು ಕಂಪ್ಯೂಟರಿನಲ್ಲೇ ನಮೂದಿಸುವ ವ್ಯವಸ್ಥೆಯನ್ನು ತಂದಿತು. ವಿಶೇಷ ಚಿಕಿತ್ಸೆಗೆಂದು ಬೇರೆ ಆಸ್ಪತ್ರೆಗಳಿಂದ ಕರೆತಂದ ಮಕ್ಕಳಲ್ಲಿ ಮರಣ ಪ್ರಮಾಣ ಶೇ. 2.80ರಿಂದ ಶೇ. 6.57ಕ್ಕೆ ಏರಿತೆಂದು 2005ರಲ್ಲಿ ಅಲ್ಲಿನ ವೈದ್ಯರೇ ಪ್ರಕಟಿಸಿದರು. ಮೊದಲು, ಮಗು ಇನ್ನೂ ದಾರಿಯಲ್ಲಿರುವಾಗಲೇ ಔಷಧಗಳಿಗೆ ಸೂಚನೆ ಕೊಟ್ಟು ಎಲ್ಲವನ್ನೂ ಸಿದ್ಧವಾಗಿಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ಹೆಸರು ನೋಂದಣಿಯಾಗುವವರೆಗೆ ಯಾವ ಸೂಚನೆಯನ್ನೂ ನಮೂದಿಸುವಂತಿರಲಿಲ್ಲ. ಕಾಗದದ ಮೇಲೆ ಕ್ಷಣದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಹಲವು ಕ್ಲಿಕ್‌ಗಳು ಬೇಕಾದವು, ಮಗುವಿನ ಪಕ್ಕದಲ್ಲಿರಬೇಕಾದವರು ಪರದೆಯ ಮುಂದೆ ಕೂರಬೇಕಾಯಿತು. ಹಿಂದಿನ ಅವಧಿಯನ್ನೂ ನಂತರದ ಅವಧಿಯನ್ನೂ ಹೋಲಿಸಿದ ಅಧ್ಯಯನ ಅದಾದ್ದರಿಂದ ಅದರ ಮಿತಿಗಳ ಬಗ್ಗೆ ವಾದಗಳು ನಡೆದವು, ನಡೆಯಬೇಕಾದದ್ದೇ. ಆದರೆ ಮರುವರ್ಷ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಿಂದ ಬಂದ ವರದಿ ನನ್ನನ್ನು ಹೆಚ್ಚು ಕಾಡುತ್ತದೆ. ಅವರು ಬಳಸಿದ್ದೂ ಅದೇ ಕಂಪನಿಯ ತಂತ್ರಾಂಶವೇ. ಅಲ್ಲಿನ ಐಸಿಯುವಿನಲ್ಲಿ ಮರಣ ಪ್ರಮಾಣ ಏರಲಿಲ್ಲ. ತಂತ್ರಾಂಶ ಒಂದೇ ಆಗಿದ್ದು ಫಲ ಬೇರೆಯಾಗಿದ್ದರೆ, ವ್ಯತ್ಯಾಸವನ್ನು ನಾವು ಕೋಡ್‌ನ ಹೊರಗೆ, ಅದನ್ನು ತಂದ ರೀತಿಯಲ್ಲಿ, ಪೂರ್ವಸಿದ್ಧತೆಯಲ್ಲಿ, ಸ್ಥಳದ ಕೆಲಸದ ಕ್ರಮದಲ್ಲಿ ಹುಡುಕಬೇಕಾಗುತ್ತದೆ. ಅದನ್ನು ಹುಡುಕುವ ವಿದ್ಯೆ ಎಂಜಿನಿಯರಿಂಗ್ ಒಂದರಲ್ಲಿಲ್ಲ, ವೈದ್ಯಕೀಯ ಒಂದರಲ್ಲೂ ಇಲ್ಲ.

ಹದಿನೈದು ವರ್ಷಗಳ ನಂತರವೂ ಇದೇ ಪಾಠವನ್ನು ಮತ್ತೆ ಕಲಿಯಬೇಕಾಯಿತು. ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯನ್ನು ಕಣ್ಣಿನ ಚಿತ್ರದಿಂದಲೇ ಗುರುತಿಸುವ ಗೂಗಲ್‌ನ ವ್ಯವಸ್ಥೆ ಪ್ರಯೋಗಾಲಯದಲ್ಲಿ ತಜ್ಞರ ಮಟ್ಟದ ನಿಖರತೆ ತೋರಿತ್ತು. ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಅದನ್ನು ಬಳಸಿದಾಗ, ಪ್ರತಿ ಐದು ಚಿತ್ರಗಳಲ್ಲಿ ಒಂದನ್ನಾದರೂ ಅದು ಗುಣಮಟ್ಟ ಸಾಲದೆಂದು ತಿರಸ್ಕರಿಸಿತು. ಕಾರಣ ಬಹಳ ಸಾಮಾನ್ಯವಾದದ್ದು: ಕಣ್ಣಿನ ಒಳ್ಳೆಯ ಚಿತ್ರಕ್ಕೆ ಕೋಣೆ ಕತ್ತಲಾಗಿರಬೇಕು, ಹೆಚ್ಚಿನ ಕಡೆ ಅಂಥ ಕೋಣೆಯೇ ಇರಲಿಲ್ಲ. ಚಿತ್ರ ತಿರಸ್ಕೃತವಾದರೆ ರೋಗಿ ಬೇರೆ ಊರಿನ ತಜ್ಞರ ಬಳಿಗೆ ಹೋಗಬೇಕು. ಅದಕ್ಕೆ ಒಂದು ದಿನದ ಕೂಲಿ ಬಿಡಬೇಕು. ತನಗೇ ಚೆನ್ನಾಗಿ ಕಾಣುವ ಚಿತ್ರವನ್ನು ಯಂತ್ರ ಒಲ್ಲೆನೆಂದಾಗ ದಾದಿಯರಿಗೆ ಎಷ್ಟು ಸಂಕಟವಾಗಿರಬೇಡ! ಇದನ್ನೆಲ್ಲ 2020ರಲ್ಲಿ ಬರೆದು ಪ್ರಕಟಿಸಿದವರು ಆ ಕಂಪನಿಯ ಸಂಶೋಧಕರೇ. ಚಿಕಿತ್ಸಾಲಯಗಳಿಗೆ ಹೋಗಿ ಕುಳಿತು, ದಾದಿಯರ ಮಾತು ಕೇಳಿದ್ದರಿಂದ ಅವರಿಗೆ ಇದು ತಿಳಿಯಿತು. ಆ ಪ್ರಾಮಾಣಿಕತೆಯನ್ನು ನಾನು ತುಂಬಾ ಗೌರವಿಸುತ್ತೇನೆ.

ಶಾಸ್ತ್ರಗಳು ಕೂಡಿದಾಗ ಏನು ಸಿಗುತ್ತದೆ ಎಂಬುದಕ್ಕೆ 2019ರ ಇನ್ನೊಂದು ಅಧ್ಯಯನವಿದೆ. ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ನಿರ್ಧರಿಸಲು ಅಮೆರಿಕದಲ್ಲಿ ವ್ಯಾಪಕವಾಗಿ ಬಳಸುತ್ತಿದ್ದ ಅಲ್ಗಾರಿದಮ್, ಕಾಯಿಲೆಯ ತೀವ್ರತೆಗೆ ಚಿಕಿತ್ಸೆಯ ವೆಚ್ಚವನ್ನೇ ಅಳತೆಗೋಲಾಗಿಸಿಕೊಂಡಿತ್ತು. ಕಪ್ಪು ಜನರ ಚಿಕಿತ್ಸೆಗೆ ಸಮಾಜ ಮೊದಲಿನಿಂದಲೂ ಕಡಿಮೆ ಖರ್ಚು ಮಾಡುತ್ತಿದ್ದುದರಿಂದ, ಅಷ್ಟೇ ಕಾಯಿಲೆಯಿದ್ದರೂ ಅವರು ಹೆಚ್ಚು ಆರೋಗ್ಯವಂತರೆಂದು ಅದು ಲೆಕ್ಕ ಹಾಕುತ್ತಿತ್ತು. ತಪ್ಪನ್ನು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತಿತ್ತು. ವೈದ್ಯ ಜಿಯಾದ್ ಓಬರ್‌ಮೆಯರ್ ಮತ್ತು ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ಒಂದೇ ತಂಡದಲ್ಲಿ ಕೆಲಸ ಮಾಡಿದ್ದರಿಂದ, ವೆಚ್ಚ ಬೇರೆ, ಅಗತ್ಯ ಬೇರೆ ಎಂಬುದು ಅಂಕಿಗಳಲ್ಲಿ ಸ್ಪಷ್ಟವಾಯಿತು.

ಕೂಡಿ ಕೆಲಸ ಮಾಡುವುದು ಸುಲಭವೆಂದು ನಾನು ಹೇಳುತ್ತಿಲ್ಲ. "ಫಲಿತಾಂಶ" ಎಂಬ ಒಂದು ಪದಕ್ಕೇ ವೈದ್ಯರು, ಎಂಜಿನಿಯರ್, ಅರ್ಥಶಾಸ್ತ್ರಜ್ಞರು ಮೂರು ಅರ್ಥ ಕೊಡುತ್ತಾರೆ. ಅದು ಗೊತ್ತಾಗುವುದಕ್ಕೇ ಕೆಲವು ತಿಂಗಳು ಬೇಕು. ವಾರ್ಡಿನಲ್ಲಿ ಕುಳಿತು ನೋಡುವ ಅಧ್ಯಯನಕ್ಕೆ ವರ್ಷ ಹಿಡಿದರೆ, ತಂತ್ರಾಂಶದ ಹೊಸ ಆವೃತ್ತಿ ಎರಡು ವಾರದಲ್ಲಿ ಬರುತ್ತದೆ. ಹಾಗಿದ್ದರೂ ಸಮಾಜಶಾಸ್ತ್ರಜ್ಞರನ್ನೂ ದಾದಿಯರನ್ನೂ ಎಲ್ಲ ಮುಗಿದ ಮೇಲೆ "ಅಭಿಪ್ರಾಯ ಸಂಗ್ರಹ"ಕ್ಕೆ ಮಾತ್ರ ಕರೆಯುವ ಪದ್ಧತಿಯನ್ನು ನಾನು ಒಪ್ಪಲಾರೆ. ಯಾವ ಪ್ರಶ್ನೆಯನ್ನು ಕೇಳಬೇಕು ಎಂದು ತೀರ್ಮಾನವಾಗುವ ಮೊದಲ ಸಭೆಯಲ್ಲೇ ಅವರಿರಬೇಕು, ಪ್ರಬಂಧದ ಲೇಖಕರ ಸಾಲಿನಲ್ಲೂ ಇರಬೇಕು.

ಅಂಗೈ ಮೇಲೆ ಅಂಕಿ ಬರೆದುಕೊಳ್ಳುತ್ತಿದ್ದ ಆ ದಾದಿಯನ್ನು ನಮ್ಮ ಮುಂದಿನ ಸಭೆಗೆ ಕರೆದೆವು. ಬರಲಾಗಲಿಲ್ಲ, ಅವರ ಜಾಗದಲ್ಲಿ ಪಾಳಿ ಮಾಡಲು ಯಾರೂ ಇರಲಿಲ್ಲ. ಅನುದಾನದ ಅರ್ಜಿಯಲ್ಲಿ ನಾವು ಸರ್ವರ್‌ಗೆ ಹಣ ಕೇಳಿದ್ದೆವು, ಪ್ರಯಾಣಕ್ಕೂ ಕೇಳಿದ್ದೆವು. ಸಭೆಗೆ ಬರುವ ದಾದಿಯ ಪಾಳಿಗೆ ಬದಲಿ ನಿಲ್ಲುವವರ ಸಂಬಳಕ್ಕೆಂದು ಒಂದು ಸಾಲು ಬರೆಯಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಈಗ ಸಿದ್ಧವಾಗುತ್ತಿರುವ ಅರ್ಜಿಯಲ್ಲಿ ಆ ಸಾಲನ್ನು ಸೇರಿಸಿದ್ದೇವೆ.