ಪದಮಿತಿ ಇಲ್ಲವಂತೆ!

ಫೋನ್ ಮಾಡಿದವನು ನಗಬಾರದಿತ್ತು. ಉಳಿದದ್ದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ನಗಬಾರದಿತ್ತು.

"ಮೇಡಂ, ಪತ್ರಿಕೆ ಆಫೀಸಿಂದ" ಅಂದ. ಅವರಿಗೊಂದು ಕತೆ ಕಳಿಸಿ ಕಾಯುತ್ತಿದ್ದವಳು, ನನಗೆ ಕೈಕಾಲೇ ಆಡಲಿಲ್ಲ. ಒಲೆ ಆರಿಸಿದೆ. ಟಿವಿ ಸದ್ದು ಕಮ್ಮಿ ಮಾಡಿ ಅಂತ ಅತ್ತೆಗೆ ಸನ್ನೆ ಮಾಡಿದೆ. ಇವರನ್ನೂ ಕೂಗಿ ಕರೆದು ಸ್ಪೀಕರ್ ಹಾಕಿದೆ. ಹೌದು, ಸ್ಪೀಕರ್! "ಹೇಳಿ ಸಾರ್, ಬರೆದದ್ದು ನಾನೇ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಏನು ಬರೆದದ್ದು ಮೇಡಂ? ನಿಮ್ಮ ಚಂದಾ ಈ ತಿಂಗಳು ಮುಗಿಯುತ್ತೆ, ಅದಕ್ಕೆ ಫೋನ್ ಮಾಡಿದ್ದು." ಅತ್ತೆ ಮತ್ತೆ ಟಿವಿ ಜೋರು ಮಾಡಿದರು.

ಅಲ್ಲಿಗೇ ಬಿಡುವ ಜೀವ ಅಲ್ವಲ್ಲ ಇದು. ನೀಳ್ಗತೆ ಕಳಿಸಿದ್ದೆ, ಏನಾಯಿತು ಅಂತ ಕೇಳಿದೆ. "ಎಷ್ಟು ಪುಟ?" ಅಂದ. ಅರವತ್ತರ ಹತ್ತಿರ ಅಂದೆ. ಆಗ ನಕ್ಕ. "ಅಷ್ಟುದ್ದ ಯಾರು ಓದ್ತಾರೆ ಮೇಡಂ? ಒಂದು ಪುಟದ ಕತೆ ಇದ್ರೆ ಕಳಿಸಿ, ಬೇಗ ಬರುತ್ತೆ."

ಸ್ವಾಮೀ, ಉದ್ದದ್ದು ಕಳಿಸಿ ಅಂದವರು ನೀವೇ! ಆ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನೀಳ್ಗತೆ, ದೀರ್ಘ ಪ್ರಬಂಧಗಳಿಗೆ ಸ್ವಾಗತ, ಪದಮಿತಿ ಇಲ್ಲ. ಷರತ್ತುಗಳಿಗೂ ಮಿತಿ ಇಲ್ಲ. ಬೇರೆ ಕಡೆ ಕಳಿಸಿರಬಾರದು. ಸ್ವಂತ ರಚನೆ ಅಂತ ದೃಢೀಕರಣ ಬೇಕು. ಫೋನು, ಇಂಟರ್ನೆಟ್ಟಿನಲ್ಲೆಲ್ಲ ನಡೆಯುವ ಯೂನಿಕೋಡ್ ಅಕ್ಷರ ಬೇಡ, ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲೇ ಇರಬೇಕು. ಪುಟ ಕಟ್ಟುವವರು ಪೇಜ್‌ಮೇಕರ್ ಅನ್ನುವ ಹಳೇ ತಂತ್ರಾಂಶವನ್ನು ಇನ್ನೂ ಬಿಟ್ಟಿಲ್ಲ, ಅದಕ್ಕೆ ಕನ್ನಡದ ಯೂನಿಕೋಡ್ ಆಗಿಬರುವುದಿಲ್ಲ, ಗೊತ್ತು. ಆದರೆ ಅಷ್ಟು ಪುಟಗಳನ್ನು ಯೂನಿಕೋಡಿನಿಂದ ನುಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ ನೋಡಿ. ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ರಾತ್ರಿಯೆಲ್ಲ ಕೂತು ತಿದ್ದಿದೆ. ಕೊನೆಯ ಷರತ್ತು ಕೇಳಿ. ಸ್ವೀಕೃತವಾಗದ ಬರಹಗಳ ಬಗ್ಗೆ ಪತ್ರವ್ಯವಹಾರ ಇಲ್ಲ. ಸರಿ, ಸ್ವೀಕೃತ ಆಗಿಲ್ಲ ಅಂತ ನನಗೆ ಗೊತ್ತಾಗುವುದು ಹೇಗೆ? ಕನಸಿನಲ್ಲಾ?

ಬೇರೆ ಕಡೆ ಅಂದರೂ ಎಲ್ಲಿಗೆ ಹೇಳಿ. ಕವಿ ಅಡಿಗರ ‘ಸಾಕ್ಷಿ’, ಅನಂತಮೂರ್ತಿಯವರ ‘ರುಜುವಾತು’ ಸಾಹಿತ್ಯ ಪತ್ರಿಕೆಗಳು ನಮ್ಮ ಕಾಲಕ್ಕೆ ಹಳೇ ಪುಸ್ತಕದಂಗಡಿ ಸೇರಿವೆ. ‘ದೇಶಕಾಲ’ ಪತ್ರಿಕೆ 2005ರಲ್ಲಿ ಶುರುವಾಗಿ ಏಳು ವರ್ಷ ನಡೆದು ನಿಂತಿತು. ಇನ್ನು ದೀಪಾವಳಿ ವಿಶೇಷಾಂಕ. ಅಲ್ಲಿ ಸ್ಪರ್ಧೆ, ಅದಕ್ಕೆ ಮತ್ತೆ ಪದಮಿತಿ.

ಪಾಪ, ಅವರ ಕಷ್ಟ ಅವರಿಗೆ. ಕಾಗದ ದುಬಾರಿ, ಜಾಹೀರಾತು ಇಲ್ಲ, ಚಂದಾದಾರರು ವರ್ಷದಿಂದ ವರ್ಷಕ್ಕೆ ಕಮ್ಮಿ. ಒಬ್ಬರಿಗೇ ಅಷ್ಟು ಪುಟ ಕೊಡಲು ಆಗುವುದಿಲ್ಲ, ಒಪ್ಪಿದೆ. ಇಲ್ಲ, ಯಾಕೆ ಒಪ್ಪಬೇಕು? ಆಗದಿದ್ದರೆ ಕೇಳಬೇಡಿ!

ನಾನೇನು ಕಮ್ಮಿಯಾ. ಗಲ್ಲಕ್ಕೆ ಕೈ ಕೊಟ್ಟು ಫೋಟೋ ತೆಗೆಸಿಟ್ಟಿದ್ದೆ. ಪರಿಚಯದಲ್ಲಿ ಗೃಹಿಣಿ ಬೇಡ, ಕತೆಗಾರ್ತಿ ಅಂತಲೇ ಇರಲಿ ಅಂತ ಇವರ ಹತ್ತಿರ ಜಗಳ ಬೇರೆ. ಈಗ ಇವರು ಊಟಕ್ಕೆ ಕೂತಾಗ "ಕತೆಗಾರ್ತಿಯವರೇ, ಸ್ವಲ್ಪ ಸಾರು" ಅನ್ನುತ್ತಾರೆ.

ಯಾವ ಪತ್ರಿಕೆಯ ಸಂಪಾದಕರಾದರೂ ಸರಿ, ಯಾರಾದರೂ ಉತ್ತರ ಕೊಡಿ. ಮೊದಲ ಪುಟವನ್ನಾದರೂ ಓದುತ್ತೀರಾ? ಹಿಡಿಸಲಿಲ್ಲ ಅಂತ ಒಂದು ಸಾಲಿನ ಈಮೇಲ್ ಹಾಕಲು ಯಾವ ಕಾಗದದ ಖರ್ಚು? ಪ್ರಬಂಧ ಬೇರೆ ಕಳಿಸಿದ್ದೆ. ಆ ನಗು ಕೇಳಿದ ಮೇಲೆ ಅದರ ಸುದ್ದಿ ಎತ್ತಲು ಬಾಯೇ ಬರಲಿಲ್ಲ.

ಚಂದಾ ಕಟ್ಟಿದೆ. ಎರಡು ವರ್ಷಕ್ಕೆ, ರಿಯಾಯಿತಿ ಇದೆ ಅಂದ. ರಸೀದಿ ತಕ್ಷಣ ಬಂತು, ಜೊತೆಗೆ ಧನ್ಯವಾದವೂ. ನೋಡಿ, ಉತ್ತರ ಕೊಡಲು ಬರುತ್ತೆ ಅವರಿಗೆ!