ವಿಕಿಪೀಡಿಯದ ಉಲ್ಲೇಖಕ್ಕೆ ಆರ್ಕೈವ್ ಕೊಂಡಿ ಕಡ್ಡಾಯವಾಗಬೇಕೇ?

ಪರ

ನಮ್ಮ ಕಡೆಯ ಒಂದು ಕೆರೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆದಿದ್ದೆ. ಹೂಳೆತ್ತಿದ ವರ್ಷಕ್ಕೆ ಆಧಾರ, ಪುಟ್ಟ ಸುದ್ದಿತಾಣವೊಂದರ ವರದಿ. ಮೊನ್ನೆ ಅಡಿಟಿಪ್ಪಣಿ ಒತ್ತಿದರೆ ತೆರೆದುಕೊಂಡದ್ದು ರಮ್ಮಿ ಆಟದ ಜಾಹೀರಾತು. ತಾಣದವರು ಡೊಮೈನ್ (ತಾಣದ ವಿಳಾಸ) ನವೀಕರಿಸಿಲ್ಲ, ಯಾರೋ ಕೊಂಡುಕೊಂಡಿದ್ದಾರೆ. ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾದಿಡುವ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿದೆ. ಅಲ್ಲಿದ್ದ ಒಂದೇ ಪ್ರತಿಯಲ್ಲೂ ರಮ್ಮಿಯೇ!

ಬರೆದ ದಿನವೇ ಆ ವಿಳಾಸವನ್ನು ಅಲ್ಲಿ ಉಳಿಸಿದ್ದರೆ ಸಾಕಿತ್ತು. ಆಗ ಸಿಗುವ ಆರ್ಕೈವ್ ಕೊಂಡಿಯಲ್ಲಿ 14 ಅಂಕಿಗಳಿರುತ್ತವೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಇಂಥ ಹೊತ್ತಿನಲ್ಲಿ ಪುಟ ಹೀಗಿತ್ತು ಎಂದು ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಬಾಟ್ (ತಾನಾಗಿ ಕೆಲಸ ಮಾಡುವ ತಂತ್ರಾಂಶ) ಬಂದು ಸತ್ತ ಕೊಂಡಿಯನ್ನು ಸರಿಮಾಡುತ್ತದಲ್ಲ ಎನ್ನುವವರಿದ್ದಾರೆ. 2018ರ ಹೊತ್ತಿಗೇ ವಿಕಿಪೀಡಿಯಗಳಲ್ಲಿ 90 ಲಕ್ಷಕ್ಕೂ ಹೆಚ್ಚು ಸತ್ತ ಕೊಂಡಿಗಳಿಗೆ ಹೀಗೆ ಜೀವ ಬಂದಿತ್ತು, ನಿಜ. ಆದರೆ ಬಾಟ್ ತಂದು ಜೋಡಿಸುವುದು ಮೊದಲೇ ಉಳಿದಿರುವ ಪ್ರತಿಯನ್ನು. ಮೇಲಾಗಿ ರಮ್ಮಿ ಪುಟ ಚೆನ್ನಾಗಿಯೇ ತೆರೆಯುತ್ತದೆ. ಕೊಂಡಿ ಸತ್ತಿದೆ ಎಂದು ಅದಕ್ಕೆ ಹೊಳೆಯುವುದಾದರೂ ಹೇಗೆ? ಪುಟವನ್ನು ಓದಿದವರೇ ಉಳಿಸಬೇಕು, ಓದಿದ ದಿನವೇ.

ವಿರೋಧ

ಉಳಿಸುವುದಕ್ಕೆ ನನ್ನ ತಕರಾರಿಲ್ಲ, ಕಡ್ಡಾಯ ಎನ್ನುವುದಕ್ಕಿದೆ.

ಕೊಂಡಿ ಇದೆಯಲ್ಲ ಎಂಬ ಧೈರ್ಯದಲ್ಲಿ ನಾವು ಲೇಖಕರ ಹೆಸರು, ಪತ್ರಿಕೆ, ದಿನಾಂಕ, ಪುಟಸಂಖ್ಯೆ ಬರೆಯುವುದನ್ನೇ ಮರೆಯುತ್ತಿದ್ದೇವೆ. ಅಷ್ಟಿದ್ದರೆ ತಾಣ ಮುಳುಗಿದರೂ ಪತ್ರಿಕೆಯನ್ನು ಗ್ರಂಥಾಲಯದಲ್ಲಿ ಹುಡುಕಬಹುದು.

ಕನ್ನಡದ ಹಳೆಯ ತಾಣಗಳ ಪಾಡು ಇನ್ನೂ ಬೇರೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬಳಕೆಗೆ ಬರುವ ಮುನ್ನ ಒಬ್ಬೊಬ್ಬರದು ಒಂದೊಂದು ಫಾಂಟ್. ಪುಟ ಆರ್ಕೈವ್‌ನಲ್ಲಿ ಉಳಿದಿದ್ದರೂ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದರಿಂದ ಓದುಗರಿಗೆ ಸಿಕ್ಕಿದ್ದೇನು?

ಎಲ್ಲ ಭಾರವನ್ನೂ ಒಂದೇ ಸಂಸ್ಥೆಯ ತಲೆಗೆ ಕಟ್ಟುವುದೂ ಸರಿಯಲ್ಲ. 2017ರ ಆಗಸ್ಟ್‌ನಲ್ಲಿ ಸಿನಿಮಾಗಳ ಕಳ್ಳಪ್ರತಿ ತಡೆಯಲೆಂದು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಿಂದಾಗಿ ಇಂಟರ್ನೆಟ್ ಆರ್ಕೈವ್ ಭಾರತದಲ್ಲಿ ತೆರೆಯದಂತಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ಸ್ಥಗಿತಗೊಂಡಿತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಬೆಳಿಗ್ಗೆ ಬಂದ ತಪ್ಪು ಸುದ್ದಿಯನ್ನು ಪತ್ರಿಕೆ ಸಂಜೆಗೆ ತಿದ್ದುತ್ತದೆ. ಬೆಳಿಗ್ಗೆಯೇ ಉಳಿಸಿದ ಪ್ರತಿಯಲ್ಲಿ ತಪ್ಪು ಹಾಗೆಯೇ ಕೂತಿರುತ್ತದೆ, ಅದರಲ್ಲಿ ಬದುಕಿರುವ ಒಬ್ಬರ ಹೆಸರೂ ಇರಬಹುದು. ಜೋಡಿಸುವ ಮುನ್ನ ಮೂಲ, ಪ್ರತಿ ಎರಡನ್ನೂ ತೆರೆದು ಓದಬೇಕು. ಕಡ್ಡಾಯದ ಖಾನೆ ತುಂಬುವ ಆತುರದಲ್ಲಿ ಎಷ್ಟು ಜನ ಓದುತ್ತಾರೆ?