ಕುಡಿಯದ ಸಂಸಾರಕ್ಕೆ ಕ್ರೂಸೇ ಅಗ್ಗ

ಅಮೆರಿಕದಲ್ಲಿರುವ ನಮ್ಮವರ ಮುಂದೆ ಕ್ರೂಸ್, ಅಂದರೆ ರೂಮು ಊಟ ಎಲ್ಲ ಒಂದೇ ಟಿಕೆಟಿನಲ್ಲಿ ಸೇರಿರುವ ದೊಡ್ಡ ಹಡಗಿನ ಪ್ರವಾಸ, ಅಂತ ಬಾಯಿಬಿಟ್ಟರೆ ಸಾಕು, "ಅದೆಲ್ಲ ದುಡ್ಡಿದ್ದವರಿಗೆ ಬಿಡಿ" ಅನ್ನುತ್ತಾರೆ. ಅದೇ ಜನ ಬೇಸಿಗೆ ರಜೆಯಲ್ಲಿ ವ್ಯಾನ್ ಬಾಡಿಗೆಗೆ ಹಿಡಿದು, ರಾತ್ರಿಗೊಂದು ಹೋಟೆಲ್ ಮಾಡಿ, ನ್ಯಾಷನಲ್ ಪಾರ್ಕುಗಳನ್ನು ಸುತ್ತಿ ಬರುತ್ತಾರೆ. ಪೆಟ್ರೋಲು, ರೂಮು, ಊಟ, ಪಾರ್ಕಿಂಗು ಎಲ್ಲ ಬಿಡಿಬಿಡಿಯಾಗಿ ಕೈಬಿಟ್ಟು ಹೋಗುವುದರಿಂದ ಒಟ್ಟು ಎಷ್ಟಾಯಿತು ಅಂತ ಯಾರೂ ಕೂಡಿಸುವುದಿಲ್ಲ. ಕ್ರೂಸಿನ ದುಡ್ಡು ಮಾತ್ರ ಒಂದೇ ಸಲ ಕಣ್ಣಿಗೆ ರಾಚುತ್ತದೆ.

ಇಲ್ಲಿನವರ ಲೆಕ್ಕವೇ ಬೇರೆ. ನನ್ನ ಜೊತೆ ಕೆಲಸ ಮಾಡುವ ಅಮೆರಿಕನ್ನರಲ್ಲಿ ಮಕ್ಕಳು ಜಾಸ್ತಿ ಇರುವವರೇ ಕ್ರೂಸಿಗೆ ಹೋಗುವುದು. ಅವರಿಗೆ ಅದು ಶೋಕಿ ಅಲ್ಲ, ಉಳಿತಾಯ. ನನ್ನನ್ನು ಕೇಳಿದರೆ, ಕುಡಿಯದ, ಜೂಜಾಡದ, ಅಜ್ಜ ಅಜ್ಜಿಯನ್ನೂ ಜೊತೆಗೆ ಕಟ್ಟಿಕೊಂಡು ಹೊರಡುವ ನಮ್ಮಂಥವರಿಗೆ ಅವರಿಗಿಂತಲೂ ಜಾಸ್ತಿ ಲಾಭ.

ಯಾಕೆ ಅಂದರೆ, ಹಡಗಿನ ಕಂಪನಿಗಳು ಬರೀ ಟಿಕೆಟಿನಿಂದ ಬದುಕುವುದಿಲ್ಲ. ದೊಡ್ಡ ಕಂಪನಿಗಳ ವರಮಾನದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಟಿಕೆಟಿನ ಆಚೆಗಿನದು. ಬಾರು, ಕ್ಯಾಸಿನೊ, ಸ್ಪಾ, ಇಂಟರ್ನೆಟ್ಟು, ಮೆಟ್ಟಿಲ ಬುಡದಲ್ಲೇ ನಿಲ್ಲಿಸಿ ತೆಗೆಯುವ ಫೋಟೊ, ಬಂದರಿನ ಟೂರು. ಇದನ್ನೆಲ್ಲ ನಂಬಿಕೊಂಡೇ ಟಿಕೆಟ್ ದರ ಇಳಿಸಿರುತ್ತಾರೆ. ಪಕ್ಕದ ಟೇಬಲಿನವನು ತರಿಸಿಕೊಳ್ಳುವ ಒಂದೊಂದು ಕಾಕ್‌ಟೇಲೂ ನಮ್ಮ ರೂಮಿನ ಬಾಡಿಗೆಗೆ ಒಂದಿಷ್ಟು ಸೇರುತ್ತದೆ. ಕುಡಿಯುವವರು ಮನೆಯಲ್ಲಿದ್ದರೆ ಈ ಲೆಕ್ಕ ತಲೆಕೆಳಗು. ಒಬ್ಬರು ಪ್ರವಾಸಕ್ಕೆಲ್ಲ ಮೊದಲೇ ದುಡ್ಡು ಕಟ್ಟುವ ಕುಡಿತದ ಪ್ಯಾಕೇಜ್ ಕೊಂಡರೆ ಅದೇ ರೂಮಿನ ಉಳಿದ ದೊಡ್ಡವರೂ ಕೊಳ್ಳಲೇಬೇಕು ಅನ್ನುವ ನಿಯಮ ಹಲವು ಕಂಪನಿಗಳಲ್ಲಿದೆ.

ಇನ್ನು ರೂಮು. ದರ ಹಾಕುವುದು ಒಂದು ರೂಮಿಗೆ ಇಬ್ಬರಂತೆ. ಅದೇ ರೂಮಿನ ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಮ್ಮಿ. ನಮ್ಮವರು ಮಾತ್ರ ಬಾಲ್ಕನಿ ಬೇಕು ಅಂತ ಹಟ ಹಿಡಿಯುತ್ತಾರೆ. "ಕಿಟಕಿಯೂ ಇಲ್ಲದ ರೂಮಾ?" ಅಂತ ಮೂಗು ಮುರಿಯುತ್ತಾರೆ. ಮದುವೆ ಛತ್ರದಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದವರು ನಾವು, ನಮಗೆ ಕಿಟಕಿ ಯಾಕೆ ಬೇಕು ಅಂತ! ಮಲಗುವುದಕ್ಕೆ ಬಿಟ್ಟರೆ ಆ ರೂಮಿನಲ್ಲಿ ಯಾರಿರುತ್ತಾರೆ? ಸಂಜೆ ಊಟ ಮುಗಿಸಿ ಬರುವಷ್ಟರಲ್ಲಿ, ರೂಮು ನೋಡಿಕೊಳ್ಳುವ ಹುಡುಗ ಚಾವಣಿಯೊಳಗೆ ಮಡಚಿಟ್ಟಿದ್ದ ಮಂಚವನ್ನು ಕೆಳಗಿಳಿಸಿ, ಹಾಸಿಗೆ ಹಾಸಿ, ಪುಟ್ಟ ಏಣಿ ಒರಗಿಸಿರುತ್ತಾನೆ. ಕೆಳಗಿನ ಹಾಸಿಗೆ ಮೇಲೆ ಟವೆಲ್ ಮಡಚಿ ಮಾಡಿದ ಒಂದು ಆನೆ. ಮೇಲೆ ಯಾರು ಮಲಗಬೇಕು ಅಂತ ಮಕ್ಕಳ ಜಗಳ. ಬೆಳಗ್ಗೆ ತಿಂಡಿಗೆ ಹೋಗಿ ಬಂದರೆ ಮಂಚವೂ ಇಲ್ಲ, ಏಣಿಯೂ ಇಲ್ಲ.

ರೋಡ್ ಟ್ರಿಪ್ಪಿನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಸಿಕ್ಕರೆ ನಮಗೆ ಎಲ್ಲಿಲ್ಲದ ಖುಷಿ. ಖುಷಿ ಯಾರಿಗೆ? ಕುಕ್ಕರ್ ಡಿಕ್ಕಿಯಲ್ಲಿಟ್ಟುಕೊಂಡು ಹೊರಡುವುದು, ಇಳಿದ ಕೂಡಲೇ ಅನ್ನಕ್ಕಿಡುವುದು, ಪಾತ್ರೆ ತೊಳೆಯುವುದು ಯಾರ ಪಾಲಿಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಊಟದ ದುಡ್ಡು ಉಳಿಯಿತು ಅಂತೀವಿ. ಅವರ ರಜೆ ಹೋಯಿತು ಅನ್ನುವುದನ್ನು ಯಾವ ಲೆಕ್ಕದಲ್ಲೂ ಹಿಡಿಯುವುದಿಲ್ಲ. ಹಡಗಿನಲ್ಲಿ ಮನೆಯವರು ಯಾರೂ ಒಲೆ ಮುಟ್ಟುವಂತಿಲ್ಲ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿ, ಮೊದಲ ರಾತ್ರಿ ಊಟದ ಹಾಲಿನ ಮುಖ್ಯ ವೇಟರ್ ಹತ್ತಿರ ಮತ್ತೊಮ್ಮೆ ಮಾತಾಡಿದರೆ, ಎಷ್ಟೋ ಹಡಗುಗಳಲ್ಲಿ ನಾಳೆಗೆ ಅಂತ ಬೇರೆಯೇ ಮಾಡಿಕೊಡುತ್ತಾರೆ.

ನಮ್ಮ ಇನ್ನೊಂದು ಚಾಳಿ, ಎಲ್ಲ ನೋಡಿಬಿಡಬೇಕು ಅನ್ನುವುದು. ಐದು ಗಂಟೆಗೆ ಎಲ್ಲರನ್ನೂ ಎಬ್ಬಿಸಬೇಕು, ಪಟ್ಟಿ ಮುಗಿಸಬೇಕು. ಇಲ್ಲಿನವರು ಬಂದರು ಬಂದ ದಿನವೂ ಎಷ್ಟೋ ಜನ ಇಳಿಯುವುದೇ ಇಲ್ಲ. ಈಜುಕೊಳ ಖಾಲಿ ಇರುತ್ತದೆ, ಸುಮ್ನೆ ಬಿದ್ದುಕೊಂಡಿರುತ್ತಾರೆ. ಮೊದಮೊದಲು ನನಗೆ ಇದು ದಂಡ ಅನಿಸುತ್ತಿತ್ತು. ಈಗ ಮಂಡಿನೋವಿನ ಅಜ್ಜಿಗೂ ಐದು ವರ್ಷದ ಮಗುವಿಗೂ ಇದೇ ಸರಿ ಅನಿಸುತ್ತದೆ. ಸ್ವಂತಕ್ಕೆ ಇಳಿದು ಸುತ್ತುವವರು ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ದಡದ ಸಮಯ ಬೇರೆ ಇರಬಹುದು. ತಡವಾದರೆ ನಿಮಗೋಸ್ಕರ ಹಡಗು ನಿಲ್ಲುವುದಿಲ್ಲ.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ ಮೊದಲು ವೀಸಾ ನೋಡಿ. ಈ ದೊಡ್ಡ ಹಡಗುಗಳೆಲ್ಲ ಹೆಚ್ಚಾಗಿ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟ ಹಾಕಿಕೊಂಡಿರುತ್ತವೆ. ಪರದೇಶದ ಹಡಗು ಅಮೆರಿಕದ ಬಂದರುಗಳ ನಡುವೆ ಜನರನ್ನು ಸಾಗಿಸಬಾರದು ಅಂತ 1886ರ ಕಾನೂನಿದೆ. ಹಾಗಾಗಿ ಒಂದಾದರೂ ಪರದೇಶದ ಬಂದರು ಮುಟ್ಟಿಯೇ ಬರುತ್ತವೆ. ಅಲ್ಲಿನ ನಿಯಮ ಏನು, ವಾಪಸ್ ಒಳಗೆ ಬರಲು ವೀಸಾದಲ್ಲಿ ಅವಕಾಶ ಇದೆಯಾ, ಇನ್ಶೂರೆನ್ಸ್ ಸಮುದ್ರದ ಮೇಲೂ ನಡೆಯುತ್ತದಾ, ಇಷ್ಟು ವಿಚಾರಿಸದೆ ಟಿಕೆಟ್ ಕೊಳ್ಳಬೇಡಿ. ಹಡಗಿನ ಡಾಕ್ಟರು ಪುಕ್ಕಟೆ ಅಲ್ಲ. ಬಿಲ್ಲು ಏರದಂತೆ ಫೋನು ಏರ್‌ಪ್ಲೇನ್ ಮೋಡಿನಲ್ಲಿರಲಿ. ಗ್ಯಾಲ್ವೆಸ್ಟನ್ನೋ ಮಯಾಮಿಯೋ, ಕಾರಿನಲ್ಲೇ ಹೋಗಬಹುದಾದ ಬಂದರು ಇದ್ದರೆ ಮಾತ್ರ ಅಗ್ಗ. ಐದಾರು ಜನಕ್ಕೆ ವಿಮಾನದ ಟಿಕೆಟ್ ಸೇರಿಸಿದರೆ ನಾನು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಸೆಪ್ಟೆಂಬರಿನಲ್ಲಿ ದರ ಇಳಿದಿರುತ್ತದೆ ನಿಜ, ಆದರೆ ಅದು ಚಂಡಮಾರುತಗಳು ಜೋರಾಗಿರುವ ಕಾಲ.

ಒಂದು ಮಾತು ಖಾರವಾಗಿಯೇ ಹೇಳಬೇಕು. ಹಲವು ಹಡಗುಗಳಲ್ಲಿ ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಟಿಪ್ಸ್ ನಮ್ಮ ಬಿಲ್ಲಿಗೆ ತಾನಾಗಿಯೇ ಸೇರುತ್ತದೆ, ಮಕ್ಕಳದ್ದೂ ಸೇರಿ. ಕೊನೇ ರಾತ್ರಿ ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕಿ, ಆಮೇಲೆ "ಹೆಂಗೆ ಉಳಿಸಿದೆ ನೋಡು" ಅಂತ ಬೀಗುವವರು ನಮ್ಮಲ್ಲೂ ಇದ್ದಾರೆ, ಇಲ್ಲಿನವರಲ್ಲೂ ಇದ್ದಾರೆ. ಆ ಮಂಚ ಇಳಿಸುವ ಹುಡುಗ ತಿಂಗಳುಗಟ್ಟಲೆ ಮನೆ ಬಿಟ್ಟು ಬಂದಿರುತ್ತಾನೆ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರವೇ ಹಡಗಿನವರನ್ನು ವಾರಕ್ಕೆ 72 ಗಂಟೆವರೆಗೆ ದುಡಿಸಬಹುದು. ಟಿಕೆಟ್ ಅಗ್ಗವಾಗಿರುವುದರಲ್ಲಿ ಅವನ ಬೆವರಿನ ಪಾಲೂ ಇದೆ, ಅಲ್ವಾ? ಬುಕ್ ಮಾಡುವ ದಿನವೇ ಟಿಪ್ಸ್ ಕೂಡಿಸಿ ನೋಡಿ. ಏಳು ರಾತ್ರಿಯದು ಕೈಗೆ ಎಟುಕದಿದ್ದರೆ ನಾಲ್ಕು ರಾತ್ರಿಯದಕ್ಕೆ ಹೋಗಿ.